ತೊಟ್ಟಿ ಮಾಸ್ತರ ಮೀನುಗಳು

ನನ್ನ ಗಂಡ ಮರದಲ್ಲಿ ಮೀನು ಕೆತ್ತುತ್ತಾರೆ, ನಾನು ಅದಕ್ಕೆ ಬಣ್ಣ ಹೊಡೆಯುತ್ತೇನೆ. ಬೆರಳುದ್ದದ ಮೀನು. ಹೊಟ್ಟೆಯ ಕೆಳಗೆ ಗಾಳ, ಗದ್ದದಡಿ ಉಗುರಿನಷ್ಟಗಲದ ತಗಡು. ದಾರಕ್ಕೆ ಕಟ್ಟಿ ಎಳೆದರೆ ತಗಡಿಗೆ ನೀರು ಬಡಿದು ಮೀನು ಮೈ ಬಳುಕಿಸುತ್ತದೆ. ಕೆರೆಯ ದೊಡ್ಡ ಮೀನು ಅದನ್ನು ನಿಜವೆಂದು ನಂಬಿ ಬಾಯಿ ಹಾಕುತ್ತದೆ. ಕೆಲಸ ಇಷ್ಟೇ. ಇಷ್ಟರಲ್ಲಿ ಯಾರ ಕೈಚಳಕ ದೊಡ್ಡದು ಎಂದು ನಾವಿಬ್ಬರೂ ಮೂವತ್ತೊಂದು ವರ್ಷ ಜಗಳವಾಡಿದ್ದೇವೆ.

ಆ ಬಳುಕಿಗೆ ಅವರು ಇಟ್ಟ ಹೆಸರು ನಡಿಗೆ. ಮೀನಿಗೆಲ್ಲಿಯ ನಡಿಗೆ, ಅದಕ್ಕೇನು ಕಾಲಿದೆಯೇ ಎಂದು ಮದುವೆಯಾದ ಹೊಸದರಲ್ಲಿ ಕೇಳಿ ಬೈಸಿಕೊಂಡಿದ್ದೆ. ಹಿತ್ತಲಲ್ಲಿ ಆಳುದ್ದದ ಸಿಮೆಂಟ್ ತೊಟ್ಟಿಯಿದೆ. ಕೆತ್ತಿ, ಎಣ್ಣೆ ಕುಡಿಸಿದ ಮೀನು ಬಣ್ಣ ಕಾಣುವ ಮೊದಲು ಅದರೊಳಗೆ ಇಳಿಯಬೇಕು. ಅವರು ದಾರವನ್ನು ಬಲಗೈಯ ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ, ಮೀನನ್ನು ಈ ತುದಿಯಿಂದ ಆ ತುದಿಗೆ ಎಳೆಯುತ್ತಾರೆ. ನೀರಿನಲ್ಲಿ ಕಣ್ಣು ಮೋಸ ಮಾಡುತ್ತದೆ, ಬೆರಳು ಮಾಡುವುದಿಲ್ಲ ಎಂಬುದು ಅವರ ವಾದ. ಮೀನಿನ ನಡುಕ ದಾರ ಹತ್ತಿ ಬೆರಳಿಗೆ ಬಂದರೆ ಪಾಸು. ಬಾರದಿದ್ದರೆ ದಾರ ಕಟ್ಟುವ ಮೂತಿಯ ತಂತಿಯನ್ನು ಕೂದಲೆಳೆಯಷ್ಟು ಬಗ್ಗಿಸಿ ಮತ್ತೆ ನೀರಿಗೆ. ದಿನವಿಡೀ ಹೀಗೆ ಪಾಸು ಫೇಲು ಮಾಡುತ್ತ ಕೂರುವುದರಿಂದ ಬೀದಿಯವರ ಬಾಯಲ್ಲಿ ಅವರು ತೊಟ್ಟಿ ಮಾಸ್ತರು.

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಒಂದೊಂದು ಹುರುಪೆಯನ್ನೂ ಸೂಜಿಮೊನೆಯಷ್ಟು ಕುಂಚದಲ್ಲಿ ಬರೆದು, ಕಣ್ಣಿಗೆ ಹೊಳಪು ಕೊಟ್ಟು ನಾನು ಒಣಗಲಿಟ್ಟರೆ, ಇವರು ಬಂದು ಬಣ್ಣವೆಲ್ಲ ಅಂಗಡಿಗೆ ಬರುವ ಮನುಷ್ಯರನ್ನು ಹಿಡಿಯೋದಕ್ಕೆ, ಮೀನು ಹಿಡಿಯೋದು ನಡಿಗೆ ಎನ್ನುತ್ತಿದ್ದರು. ಮೈ ಉರಿಯುತ್ತಿತ್ತು. ಒಮ್ಮೆ ಪಂದ್ಯವನ್ನೇ ಕಟ್ಟಿದೆ. ಅವರು ಫೇಲು ಮಾಡಿದ ಮೀನೊಂದಕ್ಕೆ ನಾಲ್ಕು ದಿನ ಕೂತು ಬಣ್ಣ ಹೊಡೆದೆ. ಅವರು ಬರಿಮೈಯ ಒಂದು ಮೀನು ಕೊಟ್ಟರು. ನನ್ನ ತಮ್ಮ ಬಸ್ ಕಂಡಕ್ಟರ್, ರಜೆ ಸಿಕ್ಕರೆ ಕೆರೆ ದಂಡೆಯ ಮೇಲೇ ಅವನ ಬಿಡಾರ. ಎರಡನ್ನೂ ಅವನ ಕೈಗೆ ಕೊಟ್ಟು ಕಳಿಸಿದೆವು. ಬರಿಮೈ ಮೀನಿಗೆ ಮೂರು ಬಿದ್ದವು. ನನ್ನ ಚಿತ್ತಾರದ ಸುಂದರಿಗೆ ಒಂದು ಹಿಡಿ ಪಾಚಿ ಸಿಕ್ಕಿತು. ಎರಡು ದಿನ ನಾನು ಯಾರ ಜೊತೆಗೂ ಮಾತಾಡಲಿಲ್ಲ.

ಹೋದ ವರ್ಷ ಅದೇ ತಮ್ಮ ಒಂದು ಮಧ್ಯಾಹ್ನ ಹಿಂಬಾಗಿಲಿನಿಂದ ಅಡುಗೆಮನೆಗೆ ಬಂದ. ಜೇಬಿನಿಂದ ನಾಲ್ಕು ಮೀನು ತೆಗೆದು ಕಟ್ಟೆಯ ಮೇಲಿಟ್ಟು, ಭಾವನಿಗೆ ಹೇಳಬೇಡ ಎಂದು ಮೊದಲೇ ಮಾತು ತೆಗೆದುಕೊಂಡ. ಆಮೇಲೆ ಪಿಸುದನಿಯಲ್ಲಿ ಹೇಳಿದ.

“ಅಕ್ಕ, ಇವು ಕಡ್ಡಿ ಎಳೆದ ಹಾಗೆ ಬರ್ತವೆ. ಜೀವನೇ ಇಲ್ಲ.”

ಗಂಡ ಮಲಗಿದ್ದರು. ನಾನೇ ತೊಟ್ಟಿಗೆ ಹೋಗಿ ಎಳೆದು ನೋಡಿದೆ. ನಾಲ್ಕೂ ನೆಟ್ಟಗೆ, ಮುಖ ಊದಿಸಿಕೊಂಡವರ ಹಾಗೆ, ಒಂದಿಷ್ಟೂ ಬಳುಕದೆ ಬಂದವು. ನಾಲ್ಕನ್ನೂ ಅವರು ನನ್ನ ಕಣ್ಣೆದುರೇ ಪಾಸು ಮಾಡಿದ್ದರು. ಸಂಜೆ ಚಹಾ ಕೊಟ್ಟಾಗ ಬಲಗೈ ಮುಂದೆ ಬರಲಿಲ್ಲ, ಎಡಗೈ ಬಂತು. ಆಗ ಒಂದೊಂದೇ ಹೊಳೆಯಿತು. ಲೋಟ ಅರ್ಧವೇ ತುಂಬು ಎನ್ನುತ್ತಿದ್ದದ್ದು, ಗುಂಡಿಯಿಲ್ಲದ ಅಂಗಿಯನ್ನೇ ಹುಡುಕುತ್ತಿದ್ದದ್ದು, ಮಾತಾಡುವಾಗ ಬಲಗೈಯನ್ನು ಮಂಡಿಯ ಕೆಳಗೆ ಅದುಮಿ ಕೂರುತ್ತಿದ್ದದ್ದು. ಅವರ ಕೈಯೇ ನಡುಗುತ್ತಿತ್ತು. ಆ ನಡುಕವನ್ನೇ ಮೀನಿನದೆಂದು ತಿಳಿದು ಅವರು ಸತ್ತ ಮೀನುಗಳನ್ನು ಪಾಸು ಮಾಡುತ್ತಿದ್ದರು.

ಹೇಳುವುದು ಹೇಗೆ? ಆ ಎರಡು ಬೆರಳೇ ಅವರಿಗೆ ಎಲ್ಲ. ಅದು ಹೋಯಿತೆಂದು ಗೊತ್ತಾದರೆ ಉಳಿಯನ್ನು ಕೆಳಗಿಟ್ಟು ಮಂಚ ಹಿಡಿಯುತ್ತಾರೆ ಎಂದು ಹೆದರಿದೆ. ಇನ್ನೊಬ್ಬರು ಬಂದು ಹೇಳಿಬಿಡುವ ಮೊದಲು, ತಮ್ಮನಿಗೆ ಕೊಟ್ಟ ಮಾತನ್ನೂ ಮುರಿದು ಸುಳ್ಳು ಹೇಳಿದೆ. ತಮ್ಮ ಮೀನು ವಾಪಸು ತಂದಿದ್ದಾನೆ, ನಾನೇ ಹೊಳಪು ಬರಲೆಂದು ವಾರ್ನಿಷ್ ದಪ್ಪ ಬಳಿದುಬಿಟ್ಟೆ, ಭಾರಕ್ಕೆ ನಡಿಗೆ ಸತ್ತಿದೆ ಎಂದೆ. ಅಷ್ಟು ವರ್ಷದ ಜಗಳ ಗೆದ್ದವರ ಹಾಗೆ ಅವರು ಬೈದರು. ಬಾಯಿಗೆ ಬೀಗ ಹಾಕಿಕೊಂಡು ಬೈಸಿಕೊಂಡೆ. ನಾನು, ತಿರುಗಿಸಿ ಒಂದು ಮಾತೂ ಆಡದೆ!

ಒಂದು ತಿಂಗಳು ಹೀಗೇ ನಡೆಯಿತು. ನೀರಿನಂಥ ತೆಳುವಾದ ಬಣ್ಣ ಬಳಿದೆ. ಅವರು ಪಾಸು ಮಾಡಿದ್ದನ್ನು ಅವರು ಮಲಗಿದಾಗ ಕದ್ದು ಎಳೆದು ನೋಡಿ, ಸತ್ತವನ್ನು ಬೀರುವಿನಲ್ಲಿ ಹೊದಿಕೆಗಳ ಕೆಳಗೆ ಬಚ್ಚಿಟ್ಟೆ. ಅವುಗಳ ತಂತಿಯನ್ನು ಎತ್ತ ಬಗ್ಗಿಸಬೇಕೆಂದು ನನಗೆ ತಿಳಿಯದು. ಬೀರು ತುಂಬುತ್ತ ಹೋಯಿತು.

ಒಂದು ಬೆಳಿಗ್ಗೆ ಅವರು ಹೊಸ ಮೀನನ್ನು ತೊಟ್ಟಿಗೆ ಬಿಟ್ಟು ಕಣ್ಣು ಮುಚ್ಚಿದರು. ನಾನು ಪಕ್ಕದಲ್ಲಿ ಕುಂಚ ತೊಳೆಯುತ್ತಿದ್ದೆ. ಈಚೆಗೆ ಅವರ ಗಂಟು ಬಿಗಿ ಬರುತ್ತಿರಲಿಲ್ಲ. ಎರಡು ಗೇಣು ಎಳೆಯುವಷ್ಟರಲ್ಲಿ ದಾರ ಬಿಚ್ಚಿತು, ಗಾಳದ ಭಾರಕ್ಕೆ ಮೀನು ತಳ ಸೇರಿತು. ಅವರು ಮಾತ್ರ ಬರಿದಾರವನ್ನು ಎಳೆಯುತ್ತಲೇ ಇದ್ದರು. ಮುಖದ ತುಂಬ ನಗು.

“ನೋಡೇ, ಎಂಥಾ ನಡಿಗೆ. ಇಂಥದ್ದು ವರ್ಷಕ್ಕೊಂದು ಬರುತ್ತೆ ಕಣೇ.”

ಓಡಿಹೋಗಿ ಮೀನನ್ನು ಎತ್ತಿ ಕಟ್ಟಿಬಿಡಲೇ ಎನ್ನಿಸಿತು. ಅಷ್ಟರಲ್ಲಿ ಅವರು ಕಣ್ಣು ತೆರೆದರು. ದಾರದ ತುದಿ ನೋಡಿದರು, ತಳದಲ್ಲಿದ್ದ ಮೀನು ನೋಡಿದರು, ಆಮೇಲೆ ತಮ್ಮ ಕೈಯನ್ನು ಬಹಳ ಹೊತ್ತು ನೋಡಿದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಎಷ್ಟು ದಿನದಿಂದ ಗೊತ್ತು ಎಂದು ಕೇಳಿದರು. ಒಂದು ತಿಂಗಳು ಎಂದೆ.

“ಮತ್ತೆ ವಾರ್ನಿಷ್ ಅಂದೆ?”

“ನನ್ನನ್ನ ಬೈದರೆ ನಿಮ್ಮ ಆರೋಗ್ಯ ಚೆನ್ನಾಗಿರುತ್ತಲ್ಲ, ಅದಕ್ಕೆ.”

ನಗಲು ಹೋಗಿ ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನೂ ಅತ್ತೆ. ನಾಳೆಯೇ ಡಾಕ್ಟರ ಹತ್ತಿರ ಹೋಗಬೇಕೆಂದೆ, ಮರುಮಾತಿಲ್ಲದೆ ಒಪ್ಪಿದರು. ಆಮೇಲೆ ಒಳಗೆ ಹೋಗಿ ಬೀರುವಿನಲ್ಲಿದ್ದ ಮೀನನ್ನೆಲ್ಲ ಮಡಿಲಲ್ಲಿ ತುಂಬಿ ತಂದು ಅವರ ಮುಂದೆ ಸುರಿದೆ. ಹತ್ತೊಂಬತ್ತು. ಇವಕ್ಕೊಂದು ದಾರಿ ತೋರಿಸಿ, ನಾನು ಎಳೆಯುತ್ತೇನೆ ಎಂದೆ. ನಿನಗೆ ಬರೀ ಕಣ್ಣಿದೆ, ಬೆರಳಿಲ್ಲ ಎಂದು ಗೊಣಗಿದರು. ಹಾಗಾದರೆ ಕಲಿಸಿ ಎಂದು ಹಟ ಹಿಡಿದೆ.

ಮೊದಲನೆಯದನ್ನು ಎಳೆದೆ. ಹೇಗಿದೆ ಎಂದರು. ಎಡಕ್ಕೆ ವಾಲುತ್ತಿದೆ ಎಂದೆ. ಹಾಗಾದರೆ ತಂತಿಯನ್ನು ಬಲಕ್ಕೆ, ಒಂದು ಕೂದಲು ಎಂದರು. ಇಕ್ಕಳ ಹಿಡಿದು ಬಗ್ಗಿಸಿದೆ, ಜಾಸ್ತಿಯಾಯಿತು, ಬೈದರು. ಈ ಸಲ ತಿರುಗಿಸಿ ಬೈದೆ. ಐದನೆಯ ಸಲ ಎಳೆದಾಗ ಬೆರಳಲ್ಲಿ ಏನೋ ಮಿಡುಕಿದ ಹಾಗಾಯಿತು. ನನ್ನ ಭ್ರಮೆಯೇ ಇರಬೇಕು ಎಂದೆ. ಅವರು ಕಣ್ಣು ಮುಚ್ಚು ಎಂದು ಹೇಳಿ, ತಮ್ಮ ಬಲಗೈಯನ್ನು ನನ್ನ ಮಣಿಕಟ್ಟಿನ ಮೇಲಿಟ್ಟರು. ಮತ್ತೆ ಎಳೆದೆ.

“ಈಗ ನಡುಗೋದು ಯಾರು?”

“ನೀವು.”

ಕೈ ತೆಗೆದರು. “ಈಗ?”

ನಡುಕ ನಿಲ್ಲಲಿಲ್ಲ. ಸಣ್ಣಗಾಯಿತು, ಚುರುಕಾಯಿತು, ಎಡ ಬಲ ಎಡ ಬಲ ಎಂದು ತಾಳ ಹಿಡಿದು ಬೆರಳಿಗೆ ಹತ್ತಿತು.

“ಈಗ ಮೀನು.”

ಅವರು ಹೂಂ ಎಂದರು. ನಿನಗೆ ಬಂತು, ಇನ್ನು ನಾನು ಕೆತ್ತುತ್ತೇನೆ, ನೀನು ನಡೆಸು ಎಂದರು. ಅಲ್ಲಿಗೆ ಪಾಠ ಮುಗಿದಿತ್ತು. ಆದರೂ ಎರಡನೆಯ ಮೀನನ್ನು ನೀರಿಗೆ ಬಿಟ್ಟಾಗ ಅವರ ಕೈ ಮತ್ತೆ ಬಂದು ನನ್ನ ಕೈಯ ಮೇಲೆ ಕೂತಿತು. ಅವರ ಕೈಯ ನಡುಕದಲ್ಲಿ ಆ ಮೀನಿನ ನಡಿಗೆ ನನಗೆ ಒಂದಿಷ್ಟೂ ತಿಳಿಯಲಿಲ್ಲ. ಕೈ ತೆಗೀರಿ ಎಂದು ನಾನು ಹೇಳಲೂ ಇಲ್ಲ.