ವ್ಯಾನಿನ ಸಿಸ್ಟರ್

ವಿದೇಶದ ಒಂದು ಪ್ರತಿಷ್ಠಾನದ ನೆರವಿನಿಂದ ಆಳಂದದ ಕಡೆ, ಅಫಜಲಪುರದ ಕಡೆ ಓಡಾಡುತ್ತಿದ್ದ ದವಾಖಾನೆ ವ್ಯಾನಿಗೆ ನಾನು ಡ್ರೈವರ್, ಎಲ್ಲರೂ ಸಿಸ್ಟರ್ ಎಂದು ಕರೆಯುತ್ತಿದ್ದ ಅವರು ನರ್ಸ್. ಯಾರ ಮನೆಗೆ ಹೋದರೂ ಚಪ್ಪಲಿ ಹೊರಗೆ ಬಿಟ್ಟು, ನೋಯುವ ಮೊಣಕಾಲು ಮಡಚಿ ನೆಲದ ಮೇಲೆ ಕೂಡುತ್ತಿದ್ದರು. ಬಿಪಿ ನೋಡುವ ಮೊದಲು, "ಉಂಡ್ರೇನ್ರಿ?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಆ ಮನೆಯವರು ರೊಟ್ಟಿ ತಿಂದು ಮುಗಿಸುವ ತನಕ ಕಾಯುತ್ತಿದ್ದರು.

ಮೂರನೇ ವರ್ಷ ಪ್ರತಿಷ್ಠಾನದವರು, ಇನ್ನು ಮುಂದೆ ಗಿಡ ನೆಡುವ ಕೆಲಸಕ್ಕೆ ನೆರವು ಕೊಡುತ್ತೇವೆ ಎಂದು ವ್ಯಾನ್ ನಿಲ್ಲಿಸಿದರು. ಸುದ್ದಿ ಕೇಳಿ ಸಿಸ್ಟರ್ ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡರು.

"ಗಿಡಾನೂ ಬೇಕಲ್ರಿ," ಎಂದರು.

ಕೊನೆಯ ದಿನ ಗೊಬ್ಬೂರಿನಲ್ಲಿ ಎಲ್ಲರಿಗೂ ಸರ್ಕಾರಿ ದವಾಖಾನೆಗೆ ಚೀಟಿ ಬರೆದುಕೊಟ್ಟರು. ಕಣ್ಣು ಮಂಜಾದ ಒಬ್ಬ ಮುದುಕಿ ಚೀಟಿ ವಾಪಸ್ ಕೊಟ್ಟಳು.

"ನಾ ಒಬ್ಬಾಕಿ ಹೆಂಗ ಹೋಗ್ಲಿ ಯವ್ವಾ?"

ಸಿಸ್ಟರ್ ಆಕೆಯನ್ನು ವ್ಯಾನಿಗೆ ಹತ್ತಿಸಿ, "ಅಫಜಲಪುರಕ್ಕ ನಡೀರಿ," ಎಂದರು. ಅಲ್ಲಿನ ದವಾಖಾನೆಯಲ್ಲಿ ಎರಡು ತಾಸು ಅವಳ ಕೈ ಹಿಡಿದು ಸಾಲಿನಲ್ಲಿ ನಿಂತರು. ಕಿಟಕಿಯ ಹಿಂದಿದ್ದಾತ ಚೀಟಿ ನೋಡಿ, "ಈ ಅವ್ವ ನಿಮಗ ಏನಾಗಬೇಕ್ರಿ?" ಎಂದು ಕೇಳಿದ.

ಸಿಸ್ಟರ್ ಮುದುಕಿಯನ್ನು ಕಿಟಕಿಯ ಹತ್ತಿರಕ್ಕೆ ತಂದು ನಿಲ್ಲಿಸಿದರು.

"ಇವತ್ತಿನ ತನಕಾ ನಾ ಇವರ ನರ್ಸ್ ಇದ್ದೆರಿ. ನಾಳಿಂದ ನೀವು ನೋಡ್ಕೋರಿ."