ನಮ್ಮ ಕೀಬೋರ್ಡಿಗೆ ಬಂದ ವಿಷಮಜ್ವರ

ಪೂರ್ತಿ ಕೆಟ್ಟುಹೋದ ಯಂತ್ರದ ಬಗ್ಗೆ ನನಗೆ ಗೌರವವಿದೆ. ಅದು ಸ್ವಭಾವದಲ್ಲಿ ನೇರ. ಇನ್ನು ನನ್ನಿಂದಾಗದು ಎಂದು ಮಲಗಿಬಿಡುತ್ತದೆ, ನಾವೂ ಹೊಸದಕ್ಕೊಂದು ಅರ್ಜಿ ಬರೆದು ಚಹಾಕ್ಕೆ ಏಳಬಹುದು. ನನ್ನ ಹೊಟ್ಟೆ ಉರಿಸುವುದು ಆಗಾಗ ಕೆಟ್ಟು ಆಗಾಗ ತಾನೇ ಸರಿಹೋಗುವ ಯಂತ್ರ. ವಿಜಯಪುರದ ಜಲನಗರದಲ್ಲಿರುವ ನಮ್ಮ ಮನೆಯ ನಳ ಈ ಜಾತಿಯದು. ಕೊಡ ಹಿಡಿದು ಕಾದರೆ ಬರೀ ಗಾಳಿ ಬಿಡುತ್ತದೆ, ಬೀಗ ಹಾಕಿಕೊಂಡು ಮದುವೆಗೆ ಹೋದ ದಿನ ಅಂಗಳವೆಲ್ಲ ಹೊಳೆ ಮಾಡಿಟ್ಟಿರುತ್ತದೆ. ಹಳೆಯ ಕಾಲದ ವೈದ್ಯರು ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ವಿಷಮಜ್ವರ ಎಂದು ಹೆಸರಿಟ್ಟು, ದಿನಕ್ಕೊಮ್ಮೆ ಬರುವುದು, ಮೂರನೆಯ ದಿನ ಬರುವುದು, ನಾಲ್ಕನೆಯ ದಿನ ಬರುವುದು ಎಂದು ಅದರಲ್ಲೂ ವಿಂಗಡಿಸಿದ್ದರು. ಅವರ ಪುಣ್ಯ, ಅವರಿಗೆ ದಿನದ ಲೆಕ್ಕವಾದರೂ ಸಿಗುತ್ತಿತ್ತು. ನನ್ನ ಕಚೇರಿಯ ಕೀಬೋರ್ಡಿಗೆ ಬಂದ ಜ್ವರಕ್ಕೆ ಅದೂ ಇರಲಿಲ್ಲ.

ಬಬಲೇಶ್ವರದ ಒಂದು ಪ್ರೌಢಶಾಲೆಯಲ್ಲಿ ನಾನು ಗುಮಾಸ್ತ. ದಿನಾ ವಿಜಯಪುರದಿಂದ ಬಸ್ಸಿನಲ್ಲಿ ಓಡಾಟ. ಹೇಳಿಕೊಳ್ಳುವಂಥ ಹೆಮ್ಮೆ ಇದ್ದರೆ ಟೈಪಿಂಗ್ ಒಂದರದೇ. ಟೈಪ್‌ರೈಟರಿನ ಮೇಲೆ ಕಲಿತವನಾದ್ದರಿಂದ ಬೆರಳುಗಳತ್ತ ನೋಡದೆ ಹೊಡೆಯುತ್ತೇನೆ. ಆ ಯಂತ್ರದಲ್ಲಿ ರೋಗ ಕಣ್ಣಿಗೆ ಕಾಣುತ್ತಿತ್ತು. ಅಕ್ಷರದ ಎರಡು ಕಡ್ಡಿಗಳು ಒಂದಕ್ಕೊಂದು ತೊಡರಿಕೊಂಡರೆ ಬೆರಳು ಹಾಕಿ ಬಿಡಿಸಿದರಾಯಿತು; ಕೈಗೆ ಮಸಿಯಾದರೂ ಮನಸ್ಸಿಗೆ ಸಮಾಧಾನ. ಈ ಕೀಬೋರ್ಡು ಹತ್ತು ನಿಮಿಷ ಚೆಂದ ನಡೆದು ಥಟ್ಟನೆ ಮೌನ ಹಿಡಿಯುತ್ತಿತ್ತು. ಎಷ್ಟು ಬಡಿದರೂ ಪರದೆಯ ಮೇಲೆ ಒಂದಕ್ಷರ ಮೂಡುತ್ತಿರಲಿಲ್ಲ. ಬೈದು, ಎದ್ದು ಹೋಗಿ, ನೀರು ಕುಡಿದು ಬಂದರೆ ಮತ್ತೆ ಸರಿ.

ಮೂರು ವಾರ ನಾನು ಪತ್ತೇದಾರಿಕೆ ಮಾಡಿದೆ. ಕೀಬೋರ್ಡನ್ನು ತಲೆಕೆಳಗು ಮಾಡಿ ಕೊಡವಿದೆ. ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿಯ ಪುಡಿ, ಎರಡು ಸ್ಟೇಪ್ಲರ್ ಪಿನ್ನು, ದಸರೆಯಲ್ಲಿ ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟುಕೊಂಡ ಬನ್ನಿಯ ಎಲೆಗಳು ಉದುರಿದವು. ಹಿಂಡಿ ನನ್ನ ಬುತ್ತಿಯದೇ ಆದರೂ ಹೆಡ್‌ಮಾಸ್ತರರದೆಂದು ವಾದಿಸಿದೆ. ಆಯುಧಪೂಜೆಯ ದಿನ ಕುಂಕುಮದ ನೀರು ಒಳಗಿಳಿದಿರಬೇಕೆಂದು ಒಂದು ವಾರ ದೇವರನ್ನೂ ಅನುಮಾನಿಸಿದೆ. ಹೆಡ್‌ಮಾಸ್ತರರ ಕೋಣೆಯ ಕೀಬೋರ್ಡು ತಂದು ಸೇರಿಸಿದರೆ ಅದಕ್ಕೂ ಅದೇ ಜ್ವರ. ಕೊನೆಗೆ ವಿಜಯಪುರದಿಂದ ರಿಪೇರಿಯ ಇರ್ಫಾನ್ ಬಂದ. ನಲವತ್ತು ದಾಟಿದ ಗಂಭೀರ ಮನುಷ್ಯ. ನನ್ನ ಕುರ್ಚಿಯಲ್ಲಿ ಕೂತು ಅರ್ಧ ತಾಸು ಹೊಡೆದ, ಒಂದಕ್ಷರ ತಪ್ಪಲಿಲ್ಲ. "ಇದಕ್ಕೇನೂ ಆಗಿಲ್ರಿ ಸಾಹೇಬ್ರ," ಎಂದು ಹೇಳಿ, ನನ್ನನ್ನೇ ಒಮ್ಮೆ ಅನುಮಾನದಿಂದ ನೋಡಿ ಬೈಕು ಹತ್ತಿದ. ಡಾಕ್ಟರ ಮುಂದೆ ಕೂತಾಗ ಹೊಟ್ಟೆನೋವು ಮಾಯವಾದ ರೋಗಿಗೆ ಆಗುವ ಅವಮಾನ ನನಗಾಯಿತು.

ಇಷ್ಟಾದರೂ ಇದೆಲ್ಲ ಆಡಿಕೊಂಡು ನಗುವಂಥದ್ದೇ ಆಗಿತ್ತು. ನಗು ನಿಂತದ್ದು ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸುವ ಕೊನೆಯ ದಿನ. ಸಂಜೆ ಐದಕ್ಕೆ ಇಲಾಖೆಯ ಜಾಲತಾಣ ಬಾಗಿಲು ಹಾಕುವುದಿತ್ತು. ಎಲ್ಲ ಮಕ್ಕಳದೂ ಮುಗಿದಿತ್ತು, ಸಾರವಾಡದ ಅಶ್ವಿನಿಯದೊಂದು ಬಿಟ್ಟು. ಆಕೆಗೆ ಹೋದ ವರ್ಷ ತಿಕೋಟಾದ ಶಾಲೆಯಲ್ಲಿದ್ದಾಗ ಕಾಮಾಲೆಯಾಗಿ ಪರೀಕ್ಷೆ ತಪ್ಪಿತ್ತು. ಈ ವರ್ಷ ನಮ್ಮಲ್ಲಿ ಸೇರಿದ್ದಳು. ಹಳೆಯ ಶಾಲೆಯಿಂದ ಬರಬೇಕಾದ ಕಾಗದಕ್ಕಾಗಿ ಅವಳ ತಾಯಿ ಮಹಾನಂದಾ ಅಂದು ಬೆಳಿಗ್ಗೆಯೇ ತಿಕೋಟಾಕ್ಕೆ ಹೋಗಿ, ಅದನ್ನು ಪಡೆದು, ಬಸ್ಸು ಬದಲಿಸಿ ಬಂದು ಮಧ್ಯಾಹ್ನ ಎರಡು ಗಂಟೆಗೆ ನನ್ನ ಮೇಜಿನ ಮೇಲಿಟ್ಟರು.

"ಈ ವರ್ಷಾನೂ ತಪ್ಪಿತಂದ್ರ ಆಕಿ ಮತ್ತ ಸಾಲಿ ಕಡೆ ಹಾಯಂಗಿಲ್ರಿ ಸರ್. ತನಗಿಂತ ಸಣ್ಣಾವ್ರ ಜೋಡಿ ಕುಂದ್ರಾಕ ಈಗಾ ನಾಚ್ತಾಳ," ಅಂದರು.

"ಐದ ಮಿನಿಟಿನ ಕೆಲಸ ಐತಿ, ಯಾಕ ಕಾಳಜಿ ಮಾಡ್ತೀರಿ," ಅಂದೆ ನಾನು, ಧಾರಾಳವಾಗಿ.

ಎದುರಿಗೆ ಒಂದು ಕುರ್ಚಿ ಖಾಲಿ ಇತ್ತು. ಕೂಡ್ರಿ ಎಂದು ನಾನು ಅನ್ನಲಿಲ್ಲ, ಅವರು ತಾವಾಗಿ ಕೂಡಲಿಲ್ಲ. ಮೇಜಿನ ಪಕ್ಕದಲ್ಲಿ, ಗೋಡೆಗೆ ಹತ್ತಿಸಿ ಇಟ್ಟಿದ್ದ ಸಣ್ಣ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಆ ಜಾಲತಾಣಕ್ಕೆ ತಾಳ್ಮೆ ಕಡಿಮೆ. ಕೆಲವು ನಿಮಿಷ ಏನೂ ಹೊಡೆಯದಿದ್ದರೆ ನಾವು ಬದುಕಿಲ್ಲವೆಂದು ತಿಳಿದು ಹೊರಗೆ ಹಾಕುತ್ತದೆ. ತುಂಬಿದ್ದೆಲ್ಲ ಅಳಿದು ಮೊದಲಿನಿಂದ ಶುರು. ಮೊದಲ ಸಲ ತಂದೆಯ ಹೆಸರಿಗೆ ಬಂದಾಗ ಕೀಬೋರ್ಡು ನಿಂತಿತು. ಎರಡನೆಯ ಸಲ ಊರಿನ ಹೆಸರಿಗೆ. ಮೂರು ಗಂಟೆಯಾಯಿತು. ನೀರು ಕುಡಿದು ಬಂದೆ, ಸರಿಹೋಗಿತ್ತು. ಆಸೆಯಿಂದ ಶುರು ಮಾಡಿದರೆ ಅರ್ಧ ಪುಟಕ್ಕೆ ಮತ್ತೆ ಮೌನ. ಹೆಡ್‌ಮಾಸ್ತರರ ಕೋಣೆಯ ಕಂಪ್ಯೂಟರಿಗೆ ಇಂಟರ್‌ನೆಟ್ ಇರಲಿಲ್ಲ. ಹೊರಗಿನ ಅಂಗಡಿಯ ಕಂಪ್ಯೂಟರಿನಲ್ಲಿ ಶಾಲೆಯ ಪಾಸ್‌ವರ್ಡ್ ಹಾಕಲು ಹೆಡ್‌ಮಾಸ್ತರರು ಒಪ್ಪಲಿಲ್ಲ. ಇರ್ಫಾನನ ಫೋನು ಹತ್ತಲಿಲ್ಲ. ಮೌಸಿನಿಂದಲೇ ಅಕ್ಷರ ಒತ್ತುವ ಕೀಬೋರ್ಡೊಂದು ಪರದೆಯೊಳಗೇ ಅಡಗಿರುತ್ತದಂತೆ. ಅದನ್ನು ಆತ ನನಗೆ ಹೇಳಿದ್ದು ಮರುದಿನ.

ನಾಲ್ಕು ಗಂಟೆ. ಅಂಗಿ ಬೆನ್ನಿಗೆ ಅಂಟಿತ್ತು. ಹೆಡ್‌ಮಾಸ್ತರರು ಬಂದು ನನ್ನ ಹಿಂದೆ ನಿಂತರು. ಯಾರಾದರೂ ಬೆನ್ನ ಹಿಂದೆ ನಿಂತರೆ ನನಗೆ ನನ್ನ ಹೆಸರೂ ಹೊಡೆಯಲು ಬರುವುದಿಲ್ಲ. "ಏನ್ರೀ, ಇನ್ನಾ ಎಷ್ಟೊತ್ತು?" ಎಂದು ಅವರು ಕೇಳಿದಾಗಲೆಲ್ಲ ಕೀಬೋರ್ಡು ಬೇಕೆಂದೇ ನಿಲ್ಲುತ್ತಿತ್ತು. ಮಹಾನಂದಾ ಮಾತ್ರ ಒಂದು ಮಾತಾಡಲಿಲ್ಲ. ಗೋಡೆಯ ಗಡಿಯಾರವನ್ನೂ ನೋಡಲಿಲ್ಲ, ತಲೆ ತಗ್ಗಿಸಿ ನೆಲದ ಕಡೆಗೇ ನೋಡುತ್ತಿದ್ದರು. ದೇವರನ್ನು ನೆನೆಯುತ್ತಿದ್ದಾರೆ ಅಂದುಕೊಂಡೆ. ಅವರ ಆ ಸುಮ್ಮನಿರುವಿಕೆ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ನಾಲ್ಕೂವರೆಗೆ ಆರನೆಯ ಸಲ ಪುಟ ಅಳಿಸಿಹೋಯಿತು. ನಾನು ಕೈ ಮೇಲೆತ್ತಿ, "ಇವತ್ತ ಇದು ಆಗೋದು ಕಾಣವಲ್ದು," ಅಂದುಬಿಟ್ಟೆ.

ಮಹಾನಂದಾ ಎದ್ದು ನಿಂತರು. "ಸರ್, ಸಿಟ್ಟಾಗಂಗಿಲ್ಲಂದ್ರ ಒಂದ ಮಾತ ಹೇಳ್ತೇನ್ರಿ. ನೀವು ಕಾಲ ಅಲುಗ್ಯಾಡಸಾಕತ್ತಿದ ಕೂಡ್ಲೆ ಅದು ನಿಲ್ಲತೈತ್ರಿ."

ಸಿಟ್ಟಾಗಬೇಡಿ ಎಂದು ಕೇಳಿಕೊಂಡವರ ಮೇಲೆ ಸಿಟ್ಟಾಗುವುದು ಬಹಳ ಸುಲಭ. "ಕಂಪ್ಯೂಟರ್ ಕೈಲೆ ನಡೀತೈತಿ ಅಕ್ಕಾರ. ಇದೇನ ಹೊಲಿಗಿ ಮಿಷನ್ನಾ?" ಅಂದೆ.

"ಕೈಲೆ ನಡೀತೈತ್ರಿ. ಕಾಲಿಲೆ ನಿಲ್ಲಾಕತ್ತೈತಿ," ಅಂದರು ಅವರು. "ಹೊಲಿಗಿ ಮಿಷನ್ ನಾ ಹದಿನಾರ ವರ್ಷ ತುಳದೇನ್ರಿ. ಊರಾಗ ಹುಡುಗ್ಯಾರಿಗೆ ಕಲಸ್ತೇನಿ. ಹೊಲಿಗಿ ತಪ್ಪಾಕತ್ರ ಎಲ್ಲಾರೂ ಸೂಜಿ ನೋಡ್ತಾರ, ನಾ ಮೊದಲ ಕಾಲ ನೋಡ್ತೇನಿ."

ಹೆಡ್‌ಮಾಸ್ತರರು ಮೇಜಿನ ಕೆಳಗೆ ಬಗ್ಗಿದರು. ಕೀಬೋರ್ಡಿನ ವಾಯರು ಗಿಡ್ಡವೆಂದು ಹಿಂದೊಮ್ಮೆ ಯಾರೋ ಅದಕ್ಕೆ ಇನ್ನೊಂದು ವಾಯರು ಜೋಡಿಸಿದ್ದರು. ಜೋಡಿಸಿದ ಆ ಗಂಟು ಸರಿಯಾಗಿ ನನ್ನ ಬಲ ಮೊಣಕಾಲಿನ ಪಕ್ಕ ಜೋತಾಡುತ್ತಿತ್ತು; ಕಾಲು ಬಡಿದಷ್ಟು ಹೊತ್ತು ಅದರ ಸಂಪರ್ಕ ತಪ್ಪುತ್ತಿತ್ತು. ಆ ಯಾರೋ ನಾನೇ. ಆತಂಕವಾದಾಗ ಕಾಲು ಕುಣಿಸುವುದು ನನ್ನ ಸಣ್ಣಂದಿನ ಚಾಳಿ. ಊಟಕ್ಕೆ ಕೂತಾಗ ಅವ್ವ ಸೌಟಿನಿಂದ ಮೊಣಕಾಲಿಗೆ ಹೊಡೆದು ಹೊಡೆದು ಅದನ್ನು ಬಿಡಿಸಿದ್ದಳೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಕೀಬೋರ್ಡು ನಿಂತಿತೆಂದು ನಾನು ಅಂಜುತ್ತಿದ್ದೆ, ನಾನು ಅಂಜಿದೆನೆಂದು ಕೀಬೋರ್ಡು ನಿಲ್ಲುತ್ತಿತ್ತು. ನೀರು ಕುಡಿಯಲು ಎದ್ದರೆ ಕಾಲೂ ಎದ್ದು ಹೋಗುತ್ತಿತ್ತು, ಜ್ವರ ಬಿಡುತ್ತಿತ್ತು. ಇರ್ಫಾನನಿಗೆ ಅಂಜಿಕೆ ಏನೂ ಇರಲಿಲ್ಲ, ಅವನ ಕಾಲು ನೆಲದ ಮೇಲೆ ನೆಟ್ಟಗಿತ್ತು.

ನಡುವಿನ ವಾಯರನ್ನು ಕಿತ್ತೆಸೆದೆವು. ಆದರೆ ನೇರವಾಗಿ ಸೇರಿಸಿದರೆ ಕೀಬೋರ್ಡು ಮೇಜಿನವರೆಗೆ ಬರಲೊಲ್ಲದು. ಸಮಯ ನಾಲ್ಕು ನಲವತ್ತು. ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡೆ. ನನಗೆ ಪರದೆ ಕಾಣದು. ಹೆಡ್‌ಮಾಸ್ತರರು ನನ್ನ ಕುರ್ಚಿಯಲ್ಲಿ ಕೂತು ಮೌಸು ಹಿಡಿದು, "ಹೂಂ, ಬಂತು, ಮುಂದ," ಅನ್ನುತ್ತಿದ್ದರು. ಮಹಾನಂದಾ ಕಾಗದ ಹಿಡಿದು ಒಂದೊಂದೇ ವಿವರ ಓದಿ ಹೇಳಿದರು. ಹೆಡ್‌ಮಾಸ್ತರರ ಮೊಬೈಲಿಗೆ ಒಟಿಪಿ ಸಂಖ್ಯೆ ಬಂತು, ಅದನ್ನೂ ಹೊಡೆದೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ ಎಂದು ಅವರು ಹೇಳುತ್ತಿದ್ದರು. ಐದಕ್ಕೆ ನಾಲ್ಕು ನಿಮಿಷ ಇದ್ದಾಗ ಹೆಡ್‌ಮಾಸ್ತರರು ಮೇಜಿಗೆ ಗುದ್ದಿ, "ಹೋತ್ರೆಪ್ಪಾ, ಅರ್ಜಿ ಹೋತು!" ಅಂದರು.

ನಾನು ನೆಲದ ಮೇಲಿಂದಲೇ ಮಹಾನಂದಾರನ್ನು ಕೇಳಿದೆ: "ನಿಮಗ ಯಾವಾಗ ಗೊತ್ತಾತ್ರಿ ಇದು?"

"ಮೂರಕ್ಕ ಗೊತ್ತಾಗಿತ್ರಿ," ಅಂದರು. "ಸಾಹೇಬ್ರಿಗೆ ಕಾಲ ಸುಮ್ನ ಇಟ್ಕೋರಿ ಅಂತ ಹ್ಯಾಂಗ ಹೇಳ್ಲಿ?"

ನನಗೆ ನಾಚಿಕೆಯಾಯಿತು. ಆ ಮಧ್ಯಾಹ್ನ ನಾನು ಹೆಡ್‌ಮಾಸ್ತರರನ್ನು ಕೇಳಿದ್ದೆ, ಇರ್ಫಾನನಿಗೆ ಹತ್ತು ಸಲ ಫೋನು ಹಚ್ಚಿದ್ದೆ, ಅದಕ್ಕೂ ಹಿಂದಿನ ವಾರಗಳಲ್ಲಿ ಬನ್ನಿ ಎಲೆಯನ್ನೂ ಬಿಟ್ಟಿರಲಿಲ್ಲ. ಎರಡು ಮೊಳ ದೂರದಲ್ಲಿ ಕೂತವರನ್ನು ಏನೂ ಕೇಳಿರಲಿಲ್ಲ. ಒಂದೂವರೆ ತಾಸು ಅವರು ಮಗಳ ಒಂದು ವರ್ಷವನ್ನೂ ನನ್ನ ಮರ್ಯಾದೆಯನ್ನೂ ತೂಗುತ್ತ ಕೂತಿದ್ದರು.

ನೋಂದಣಿಯ ಕಾಗದ ಮುದ್ರಣವಾಗಿ ಬಂತು. ಪಾಲಕರ ಸಹಿ ಬೇಕಿತ್ತು. ಖಾಲಿ ಕುರ್ಚಿಯನ್ನು ಎಳೆದುಕೊಟ್ಟು, "ಕೂಡ್ರಿ," ಅಂದೆ. ಅವರು ಕೂತು ಪೆನ್ನು ಹಿಡಿದರು. ಅಷ್ಟು ಹೊತ್ತು ಅಲ್ಲಾಡದೆ ಇದ್ದ ಆ ಹೆಣ್ಣುಮಗಳ ಕೈ ಈಗ ಎಷ್ಟು ನಡುಗುತ್ತಿತ್ತೆಂದರೆ ಕಾಗದವೇ ಮೇಜಿನ ಮೇಲೆ ಸರಿದಾಡತೊಡಗಿತು. ನಾನು ಏನೂ ನೋಡದವನಂತೆ ಕಿಟಕಿಯ ಕಡೆ ಮುಖ ತಿರುಗಿಸಿ, ಸಹಿ ಮುಗಿಯುವವರೆಗೆ ಕಾಗದದ ಅಂಚನ್ನು ಅಂಗೈಯಿಂದ ಒತ್ತಿ ಹಿಡಿದು ನಿಂತೆ.