ಇಪ್ಪತ್ತನೆಯ ಡಿಸ್ಕ್

ಡಾಕ್ಟರ್ ಸಬೀರಾ ಅವರ ಹಠದ ಬಗ್ಗೆ ಯಾರಾದರೂ ಕೇಳಿದರೆ ನಾನು ಇವತ್ತಿಗೂ ಸ್ವಲ್ಪ ರೇಗುತ್ತೇನೆ. ಹೆಬ್ಬಾಳದ ಆ ಪುಟ್ಟ ಲ್ಯಾಬಿನಲ್ಲಿ ಎಂಟು ವರ್ಷ ಅವರ ಕೈಕೆಳಗೆ ಟೆಕ್ನಿಷಿಯನ್ ಆಗಿದ್ದವನು ನಾನು, ಚನ್ನಕೇಶವ. ರೇಗುವ ಹಕ್ಕು ನನಗಿದೆ.

ಬೆನ್ನುಮೂಳೆಯ ಡಿಸ್ಕ್ ಜಾರಿ ನರವನ್ನು ಒತ್ತುತ್ತದೆ, ಅದಕ್ಕೇ ಕಾಲಿನವರೆಗೂ ನೋವು ಎಂದು ನಮ್ಮ ಕಡೆಯ ದೊಡ್ಡ ಡಾಕ್ಟರುಗಳೆಲ್ಲ ಹೇಳುತ್ತಿದ್ದ ಕಾಲ. ಸಬೀರಾ ಒಪ್ಪಲಿಲ್ಲ. "ಬರೀ ಒತ್ತೋದೇ ಆಗಿದ್ರೆ, ಒಂಚೂರು ಜಾರಿದವರೂ ಯಾಕ್ರೀ ಹಂಗೆ ಕಿರುಚ್ತಾರೆ?" ಎನ್ನುತ್ತಿದ್ದರು. ಡಿಸ್ಕಿನೊಳಗಿನ ಮೆತ್ತನೆಯ ಪದಾರ್ಥವೇ ನರಕ್ಕೆ ತಗುಲಿ ಉರಿಯೂತ ಎಬ್ಬಿಸುತ್ತದೆ ಎಂಬುದು ಅವರ ವಾದ. ಅದನ್ನು ತೋರಿಸಲು ಆಪರೇಷನ್‌ನಲ್ಲಿ ತೆಗೆದ ತಾಜಾ ತುಣುಕುಗಳು ಇಪ್ಪತ್ತು ಬೇಕಿತ್ತು. 1982ರ ಮಾರ್ಚ್ ಒಳಗೆ ಫಲಿತಾಂಶ ಕೊಡದಿದ್ದರೆ ಕೆಲಸ ನಿಲ್ಲಿಸುತ್ತೇವೆ ಎಂದು ಲ್ಯಾಬಿಗೆ ಹಣ ಕೊಡುವ ಸಮಿತಿ ಕಾಗದ ಬರೆದಿತ್ತು.

ಆಸ್ಪತ್ರೆಯಲ್ಲಿ ಆ ತುಣುಕುಗಳನ್ನು ಬಕೆಟ್ಟಿಗೆ ಎಸೆಯುತ್ತಿದ್ದರು. ಎತ್ತಿಕೊಂಡು ಬಂದರೆ ಕೇಳುವವರಿರಲಿಲ್ಲ. ಈಯಮ್ಮ ಮಾತ್ರ ಪ್ರತಿಯೊಬ್ಬ ರೋಗಿಯ ಮಂಚದ ಪಕ್ಕ ಕೂತು, ವಿವರಿಸಿ, ಒಪ್ಪಿಗೆ ಕೇಳುತ್ತಿದ್ದರು. ಎಷ್ಟೋ ಜನ ಬೇಡ ಎಂದರು. ಹತ್ತೊಂಬತ್ತು ಕೂಡಿಬರುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು.

ಇಪ್ಪತ್ತನೆಯವರು ಲಾಲ್ ಸಾಬ್, ಯಶವಂತಪುರದ ಗೂಡ್ಸ್ ಶೆಡ್‌ನಲ್ಲಿ ಮೂಟೆ ಹೊರುವವರು. ಅವರು ಹೂಂ ಎಂದರು, ಹೆಂಡತಿ ಜೈಬುನ್ನೀಸಾ ತಡೆದರು. ಮೈಯಿಂದ ಕತ್ತರಿಸಿ ತೆಗೆದದ್ದನ್ನು ಮಣ್ಣಲ್ಲಿ ಹೂಳುವುದು ಅವರ ಮನೆಯ ಪದ್ಧತಿ.

"ಅರೆದು ನೋಡ್ಬೇಕು ಖಾಲಾ. ಉಳಿದಿದ್ದನ್ನ ನಾನೇ ತಂದು ಕೊಡ್ತೀನಿ," ಎಂದರು ಸಬೀರಾ.

"ಒಂದು ಚೂರೂ ಬಿಡಬಾರ್ದು ನೋಡಮ್ಮ," ಎಂದು ಜೈಬುನ್ನೀಸಾ ಒಪ್ಪಿದರು.

ಪರೀಕ್ಷೆ ಸೊಗಸಾಗಿ ಬಂತು. ಉರಿಯೂತ ಎಬ್ಬಿಸುವ ಅಂಶ ಹಿಂದಿನ ಎಲ್ಲಕ್ಕಿಂತ ಹೆಚ್ಚು! ಸಬೀರಾ ಲ್ಯಾಬಿನ ಪುಸ್ತಕದಲ್ಲಿ ಅಂಕಿ ಬರೆದುಕೊಳ್ಳುತ್ತಿದ್ದಾಗ ನಾನು ಖುಷಿಯಲ್ಲಿ, ಕೈಗೆ ಅಂಟಿದ ಅಭ್ಯಾಸದಂತೆ, ಗಾಜಿನ ಕೊಳವೆಗಳನ್ನೆಲ್ಲ ಸಿಂಕಿನಲ್ಲಿ ತೊಳೆದು ಬೋರಲು ಹಾಕಿದೆ. ತಿರುಗಿ ನೋಡಿದರೆ ಅವರು ಖಾಲಿ ಕೊಳವೆಗಳನ್ನೇ ನೋಡುತ್ತಿದ್ದರು. ಹೂಳಲು ಕೊಡಬೇಕಿದ್ದ ಉಳಿದ ಚೂರೂ ಅವುಗಳಲ್ಲೇ ಇತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಅಭ್ಯಾಸಕ್ಕೆಂದು ಗಯಾಸ್‌ನ ಮಾಂಸದಂಗಡಿಯಿಂದ ತಂದ ದನದ ಬಾಲದ ಡಿಸ್ಕುಗಳು ಫ್ರಿಜ್‌ನಲ್ಲಿದ್ದವು. "ಅದ್ರಲ್ಲೇ ಒಂಚೂರು ಕಟ್ಟಿಕೊಟ್ರೆ ಯಾರಿಗ್ ಗೊತ್ತಾಗುತ್ತೆ ಮೇಡಂ?" ಎಂದೆ.

"ಬಾಯ್ ಮುಚ್ಕೊಂಡು ನನ್ ಜೊತೆ ಬನ್ನಿ," ಎಂದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಗದರಿದ್ದು ಅದೊಂದೇ ಸಲ.

ಆರ್.ಟಿ. ನಗರದ ಲಾಲ್ ಸಾಬ್ ಅವರ ಮನೆಯ ಬಾಗಿಲಲ್ಲೇ ನಿಂತು, ನಡೆದದ್ದನ್ನು ಜೈಬುನ್ನೀಸಾ ಅವರಿಗೆ ಹೇಳಿದರು. ತೊಳೆದವನು ನಾನೆಂದು ಹೇಳಲೇ ಇಲ್ಲ. ಅದನ್ನು ನಾನೇ ಹೇಳಿದೆ. "ಮಾತು ಉಳಿಸ್ಕೊಳ್ಲಿಲ್ಲ ಖಾಲಾ. ಪುಸ್ತಕದಲ್ಲಿ ಬರೆದಿದ್ದನ್ನ ಇಟ್ಕೊಳ್ಲಾ, ಹೊಡೆದು ಹಾಕ್ಲಾ? ನೀವೇ ಹೇಳಿ," ಎಂದು ಸಬೀರಾ ಕೇಳಿದರು.

"ಹೊಡೆದು ಹಾಕು," ಎಂದು ಜೈಬುನ್ನೀಸಾ ಬಾಗಿಲು ಹಾಕಿಕೊಂಡರು.

ಸಬೀರಾ ಹೊಡೆದು ಹಾಕಿಯೇಬಿಟ್ಟರು. ಮೂರು ವರ್ಷದಲ್ಲಿ ಸಿಕ್ಕ ಅತ್ಯುತ್ತಮ ಅಂಕಿಯ ಮೇಲೆ ಸ್ಕೇಲ್ ಇಟ್ಟು ಕೆಂಪು ಗೆರೆ ಎಳೆದರು. ನನಗೆ ಅಳುವೇ ಬಂತು. ಅವರು ಸಮಿತಿಯವರ ಮುಂದೆ ವಾದ ಮಾಡಿ ಇನ್ನೊಂದು ತಿಂಗಳು ಕೇಳಿ ತಂದರು. ಮತ್ತೆ ಅದೇ ವಾರ್ಡು, ಅದೇ ಮಂಚಗಳು. ನಾಲ್ಕು ಜನ ಬೇಡ ಎಂದರು. ಐದನೆಯವರ ಹತ್ತಿರ ಹೋಗಿ ಮೊದಲಿಂದ ವಿವರಿಸಿದರು. ಅವರೂ ಬೇಡ ಎಂದರು.

ಗಡುವಿಗೆ ಎಂಟು ದಿನ ಉಳಿದಿದ್ದಾಗ, ಒಂದು ಬೆಳಿಗ್ಗೆ ಲ್ಯಾಬಿನ ಬಾಗಿಲಿಗೆ ಜೈಬುನ್ನೀಸಾ ಬಂದರು. ಜೊತೆಗೆ, ಸೊಂಟ ಹಿಡಿದುಕೊಂಡು ಒಂದು ಕಡೆಗೆ ವಾಲಿ ನಿಂತ ಹೆಂಗಸು.

"ಆ ಪುಸ್ತಕ ತೋರ್ಸು," ಎಂದರು ಜೈಬುನ್ನೀಸಾ. ಸಬೀರಾ ತೆರೆದು ಹಿಡಿದರು. ಓದು ಬಾರದ ಆಕೆ ಗಂಡನ ಹೆಸರು ಎಲ್ಲಿದೆಯೆಂದು ಕೇಳಿ, ಕೆಂಪು ಗೆರೆಯ ಮೇಲೆ ಈ ತುದಿಯಿಂದ ಆ ತುದಿವರೆಗೆ ನಿಧಾನವಾಗಿ ಬೆರಳಾಡಿಸಿದರು.

"ಇವಳು ಮಲ್ಕಾ, ನನ್ ತಂಗಿ. ಗುರುವಾರ ಆಪರೇಷನ್. ಎಲ್ಲಾ ಹೇಳಿದೀನಿ, ಒಪ್ಪಿದಾಳೆ," ಎಂದರು. "ಇದರ ಕೆಳಗೆ ಇವಳ ಹೆಸರು ಬರ್ಕೊ."